ಬರಿದೆ ಬಿಟ್ಟ ಹೆಸರುಗಳ ಗೇಣಿ: ಡೊಮೈನ್ ಹೆಸರುಗಳ ಜಾಹೀರಾತು ವರಮಾನದ ಚರಿತ್ರೆ

ಭೂಮಿಯ ಒಡೆತನ, ಗೇಣಿ, ಕಂದಾಯ ಇವುಗಳ ಚರಿತ್ರೆಯನ್ನು ನಮ್ಮ ವಿದ್ಯಾರ್ಥಿಗಳು ವಿಸ್ತಾರವಾಗಿ ಓದುತ್ತಾರೆ. ಉಳುಮೆ ಮಾಡದ ಒಡೆಯನಿಗೆ ಭೂಮಿಯಿಂದ ವರಮಾನ ಬರುವುದು ಹೇಗೆ, ಅದಕ್ಕೆ ಕಾನೂನಿನ ಸಮ್ಮತಿ ಎಲ್ಲಿಂದ ದೊರೆಯುತ್ತದೆ, ಯಾವ ಸನ್ನಿವೇಶದಲ್ಲಿ ಅದು ಕುಗ್ಗುತ್ತದೆ ಎಂಬ ಪ್ರಶ್ನೆಗಳು ಆ ಅಧ್ಯಯನದ ತಿರುಳು. ನಮ್ಮ ಕಾಲದಲ್ಲಿಯೇ ಹುಟ್ಟಿದ ಒಂದು ಸ್ವತ್ತನ್ನು ಕುರಿತು ಇದೇ ಪ್ರಶ್ನೆಗಳನ್ನು ಕೇಳುವುದು ಪ್ರಕೃತ ಲೇಖನದ ಉದ್ದೇಶ. ಆ ಸ್ವತ್ತು ಅಂತರ್ಜಾಲದ ಡೊಮೈನ್ ಹೆಸರು. ಒಂದು ಹೆಸರನ್ನು ನೋಂದಾಯಿಸಿ, ಅದರಲ್ಲಿ ಯಾವ ಜಾಲತಾಣವನ್ನೂ ಕಟ್ಟದೆ, ಜಾಹೀರಾತುಗಳ ಒಂದು ಪುಟವನ್ನಷ್ಟೇ ನಿಲ್ಲಿಸಿ ಹಣ ಪಡೆಯುವ ಪದ್ಧತಿಗೆ ಆ ವ್ಯವಹಾರದವರು ‘ಪಾರ್ಕಿಂಗ್’ ಎನ್ನುತ್ತಾರೆ. ಉತ್ತದೆ ಬಿತ್ತದೆ ಬೆಳೆ ಕೊಯ್ದ ಈ ಪದ್ಧತಿ ಸುಮಾರು ಹತ್ತು ವರ್ಷ ಹುಲುಸಾಗಿ ಬೆಳೆದು, ಬಳಿಕ ಸೊರಗಿತು. ಏಕೆ ಬೆಳೆಯಿತು, ಏಕೆ ಸೊರಗಿತು, ಇತಿಹಾಸಕಾರನಿಗೆ ಇದರಿಂದ ಆಗುವ ಬಾಧಕವೇನು ಎಂಬುದನ್ನು ಮುಂದೆ ವಿಚಾರ ಮಾಡುತ್ತೇವೆ.

ಮೊದಲಿಗೆ ಈ ಹೆಸರುಗಳಿಗೆ ಬೆಲೆಯೇ ಇರಲಿಲ್ಲ. ಗಣಕಯಂತ್ರಗಳ ಅಂಕಿಗಳ ವಿಳಾಸವನ್ನು ನೆನಪಿಡುವುದು ಕಷ್ಟವೆಂದು, 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬವರು ಅಕ್ಷರಗಳಲ್ಲಿ ಹೆಸರು ಕೊಡುವ ವ್ಯವಸ್ಥೆಯನ್ನು ರೂಪಿಸಿದರು. ‘ಡಾಟ್ ಕಾಮ್’ ವರ್ಗದ ಪ್ರಥಮ ಹೆಸರನ್ನು ಸಿಂಬಾಲಿಕ್ಸ್ ಎಂಬ ಅಮೆರಿಕದ ಸಂಸ್ಥೆ 1985ರ ಮಾರ್ಚ್ 15ರಂದು ಪಡೆಯಿತು. ಆಗ ನೋಂದಣಿಗೆ ಶುಲ್ಕವಿರಲಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದೊಡನೆ ಆದ ಒಪ್ಪಂದದಂತೆ 1993ರಿಂದ ನೋಂದಣಿಯ ಹೊಣೆ ಹೊತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಸಂಸ್ಥೆ, 1995ರ ಸೆಪ್ಟೆಂಬರಿನಲ್ಲಿ ಎರಡು ವರ್ಷಕ್ಕೆ 100 ಡಾಲರ್ ಶುಲ್ಕವನ್ನು ವಿಧಿಸತೊಡಗಿತು. ಹೆಸರುಗಳ ಮೇಲ್ವಿಚಾರಣೆಗೆ 1998ರಲ್ಲಿ ಐಕ್ಯಾನ್ ಸ್ಥಾಪಿತವಾಯಿತು. ಮರುವರ್ಷ ಅನೇಕ ನೋಂದಣಿ ಸಂಸ್ಥೆಗಳು ಸ್ಪರ್ಧೆಗಿಳಿದವು. 2000ದಿಂದ ಒಂದು ‘ಡಾಟ್ ಕಾಮ್’ ಹೆಸರಿನ ಸಗಟು ಬೆಲೆ ವರ್ಷಕ್ಕೆ 6 ಡಾಲರಿಗೆ ಇಳಿಯಿತು. ಈ ಅಂಕಿಯನ್ನು ಓದುಗರು ಗಮನದಲ್ಲಿಡಬೇಕು. ವರ್ಷಕ್ಕೆ ಕೆಲವೇ ಡಾಲರ್ ಗಳಿಸಿಕೊಡುವ ಹೆಸರೂ ಇನ್ನು ಮುಂದೆ ಲಾಭದ ಸ್ವತ್ತಾಯಿತು. ಅಂಥ ಹೆಸರುಗಳನ್ನು ಸಾವಿರಗಟ್ಟಲೆ ಕೂಡಿಹಾಕಲು ದಾರಿಯಾಯಿತು.

ಆದರೆ ಹೆಸರು ಸ್ವತ್ತು ಹೌದೇ? ಕಾನೂನು ಇದನ್ನು ನಿಧಾನವಾಗಿ ಒಪ್ಪಿತು. ಕ್ಯಾಲಿಫೋರ್ನಿಯಾದಲ್ಲಿ ಒಬ್ಬರು 1994ರಲ್ಲಿ ನೋಂದಾಯಿಸಿದ್ದ ಬೆಲೆಬಾಳುವ ಹೆಸರೊಂದು, ಮರುವರ್ಷ ಕೃತಕ ಪತ್ರದ ಬಲದಿಂದ ಮತ್ತೊಬ್ಬರ ಪಾಲಾಯಿತು. ಕ್ರೆಮೆನ್ ವಿರುದ್ಧ ಕೋಹೆನ್ ಎಂಬ ಈ ವ್ಯಾಜ್ಯದಲ್ಲಿ ಅಮೆರಿಕದ ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ, ಡೊಮೈನ್ ಹೆಸರು ಸ್ವತ್ತೆಂದು 2003ರಲ್ಲಿ ತೀರ್ಮಾನಿಸಿತು. ಹೆಸರಿನ ನೋಂದಣಿಯನ್ನು ನ್ಯಾಯಾಧೀಶರು ಹೋಲಿಸಿದುದು, ಹಕ್ಕುಪತ್ರದ ಕಚೇರಿಯಲ್ಲಿ ಒಂದು ತುಂಡು ನೆಲದ ಮೇಲೆ ಹಕ್ಕು ಸಾಧಿಸುವುದಕ್ಕೆ. ಭೂಮಿಯ ಉಪಮಾನ ನಮ್ಮ ಕಲ್ಪನೆ ಮಾತ್ರವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಒಡೆತನ ದೊರೆತರೆ ಸಾಲದು. ಗೇಣಿ ಕೊಡುವವರೂ ಬೇಕು. ಆ ಕೊರತೆಯನ್ನು ಹುಡುಕುಯಂತ್ರಗಳ ಜಾಹೀರಾತು ತುಂಬಿಕೊಟ್ಟಿತು. ಬಿಲ್ ಗ್ರಾಸ್ ಅವರ ಗೋಟು ಎಂಬ ತಾಣ 1998ರಲ್ಲಿ ಒಂದೊಂದು ಪದವನ್ನೂ ಹರಾಜಿಗಿಟ್ಟಿತು. ಆ ಪದವನ್ನು ಹುಡುಕಿದವನು ಜಾಹೀರಾತನ್ನು ಒತ್ತಿದರೆ ಮಾತ್ರ ಜಾಹೀರಾತುದಾರ ಹಣ ತೆರುತ್ತಿದ್ದ. ಇದೇ ಸಂಸ್ಥೆ 2001ರಲ್ಲಿ ಓವರ್ಚರ್ ಎಂದು ಹೆಸರು ಬದಲಿಸಿಕೊಂಡಿತು. 2003ರಲ್ಲಿ ಯಾಹೂ ಸುಮಾರು 160 ಕೋಟಿ ಡಾಲರಿಗೆ ಅದನ್ನು ಕೊಂಡಿತು. ಅದೇ ವರ್ಷ ಗೂಗಲ್ ಕೊಂಡ ಅಪ್ಲೈಡ್ ಸೆಮ್ಯಾಂಟಿಕ್ಸ್ ಸಂಸ್ಥೆಯ ಬಳಿ, ಬಳಕೆಯಾಗದ ಹೆಸರುಗಳಿಗೆ ಹೊಂದುವ ಜಾಹೀರಾತುಗಳನ್ನು ಒದಗಿಸುವ ಏರ್ಪಾಡು ಆಗಲೇ ಸಿದ್ಧವಾಗಿತ್ತು.

ಹಣ ಹರಿದ ಕ್ರಮವನ್ನು ಒಂದು ಉದಾಹರಣೆಯಿಂದ ವಿವರಿಸಬಹುದು. ಪ್ರವಾಸಕ್ಕೆ ಹೊರಟವನೊಬ್ಬ ಊರಿನ ಹೆಸರಿಗೆ ‘ಹೋಟೆಲ್ಸ್’ ಎಂಬ ಪದವನ್ನೂ ‘ಡಾಟ್ ಕಾಮ್’ ಎಂಬುದನ್ನೂ ಸೇರಿಸಿ, ಇಂಥದೊಂದು ತಾಣ ಇದ್ದೀತೆಂಬ ಊಹೆಯಿಂದ ವಿಳಾಸದ ಪಟ್ಟಿಯಲ್ಲಿ ಬರೆಯುತ್ತಾನೆ. ತಾಣವಿಲ್ಲ; ಹೋಟೆಲುಗಳ ಜಾಹೀರಾತಿನ ಸಾಲು ಕಾಣುತ್ತದೆ. ಆತ ಒಂದನ್ನು ಒತ್ತುತ್ತಾನೆ. ಹೋಟೆಲಿನವರು ತೆತ್ತ ಹಣದಲ್ಲಿ ಜಾಹೀರಾತು ಸಂಸ್ಥೆಗೆ ಒಂದು ಪಾಲು, ಪಾರ್ಕಿಂಗ್ ನಡೆಸುವವರಿಗೆ ಒಂದು ಪಾಲು, ಉಳಿದುದು ಹೆಸರಿನ ಒಡೆಯನಿಗೆ. ಓದುಗನ ಊಹೆ ಅಥವಾ ಅಕ್ಷರದೋಷ ಇಲ್ಲಿ ಬಂಡವಾಳವಾಯಿತೆಂಬುದನ್ನು ಮರೆಯಬಾರದು.

ಈ ವ್ಯವಹಾರದ ಏರುಗಾಲವನ್ನು ಮೂರು ಘಟನೆಗಳು ಸೂಚಿಸುತ್ತವೆ. ಒಂದನೆಯದಾಗಿ, ‘ಡಾಟ್ ಕಾಮ್’ ನೋಂದಣಿಪುಸ್ತಕವನ್ನು ನಿರ್ವಹಿಸುತ್ತಿದ್ದ ವೆರಿಸೈನ್ ಸಂಸ್ಥೆ 2003ರ ಸೆಪ್ಟೆಂಬರ್ 15ರಂದು, ಯಾರೂ ನೋಂದಾಯಿಸದ ಹೆಸರುಗಳನ್ನೆಲ್ಲ ತನ್ನದೇ ಪುಟಕ್ಕೆ ತಿರುಗಿಸಿತು. ಊರಿನ ಬೀಳುಭೂಮಿಯನ್ನೆಲ್ಲ ಶಾನುಭೋಗನೇ ತನ್ನ ಹೆಸರಿಗೆ ಬರೆದುಕೊಂಡಂತಾಯಿತು. ಐಕ್ಯಾನಿನ ಒತ್ತಾಯಕ್ಕೆ ಮಣಿದು ಅಕ್ಟೋಬರ್ 4ರಂದು ಅದನ್ನು ನಿಲ್ಲಿಸಬೇಕಾಯಿತು. ಎರಡನೆಯದಾಗಿ, ಮಾರ್ಚೆಕ್ಸ್ ಎಂಬ ಸಂಸ್ಥೆ 1 ಲಕ್ಷಕ್ಕೂ ಮೀರಿದ ಹೆಸರುಗಳ ಒಂದು ಸಂಗ್ರಹವನ್ನು ಕೊಳ್ಳಲು 2004ರಲ್ಲಿ 16 ಕೋಟಿ 40 ಲಕ್ಷ ಡಾಲರಿಗೆ ಒಪ್ಪಂದ ಮಾಡಿಕೊಂಡಿತು. ಮೂರನೆಯದಾಗಿ, ನೋಂದಾಯಿಸಿದ ಐದು ದಿನಗಳೊಳಗೆ ಹೆಸರನ್ನು ಬಿಟ್ಟುಕೊಟ್ಟರೆ ಶುಲ್ಕ ಮರಳಿ ಬರುತ್ತಿದ್ದ ನಿಯಮ ದುರುಪಯೋಗವಾಯಿತು. ಲಕ್ಷಾಂತರ ಹೆಸರುಗಳನ್ನು ಹಿಡಿದು, ಐದು ದಿನ ಜಾಹೀರಾತು ತೋರಿಸಿ, ಗಳಿಸದವುಗಳನ್ನು ಚೆಲ್ಲುವುದು ರೂಢಿಗೆ ಬಂದಿತು. ಐಕ್ಯಾನ್ 2008ರಲ್ಲಿ ಮಿತಿಮೀರಿದ ಇಂಥ ರದ್ದತಿಗಳಿಗೆ ಹೆಸರೊಂದಕ್ಕೆ 20 ಸೆಂಟ್ ವಿಧಿಸಿತು. ಮರುವರ್ಷ ನಿರ್ಬಂಧವನ್ನು ಬಿಗಿಗೊಳಿಸಿತು. ಒಂದು ವರ್ಷದೊಳಗೆ ರದ್ದತಿಗಳು ಶೇಕಡಾ 99.7ರಷ್ಟು ಇಳಿದವೆಂದು ಅದೇ ಸಂಸ್ಥೆ ವರದಿ ಮಾಡಿತು. ಕೆಲವೇ ಕಾಸಿನ ಶುಲ್ಕಕ್ಕೆ ಕುಸಿದ ವ್ಯವಹಾರದ ತಳಹದಿ ಎಷ್ಟು ತೆಳುವಾಗಿತ್ತೆಂಬುದನ್ನು ಈ ಅಂಕಿಯೇ ಸಾರುತ್ತದೆ.

ಪರರ ವ್ಯಾಪಾರದ ಹೆಸರನ್ನು ಹೋಲುವ ಹೆಸರುಗಳ ವಿಷಯದಲ್ಲಿ ಕಾನೂನು ಮುಂಚೆಯೇ ಎಚ್ಚೆತ್ತಿತ್ತು. 1999ರಲ್ಲಿ ಐಕ್ಯಾನ್ ವಿವಾದ ಪರಿಹಾರದ ನಿಯಮಾವಳಿಯನ್ನೂ ಅಮೆರಿಕ ಪ್ರತ್ಯೇಕ ಶಾಸನವನ್ನೂ ರೂಪಿಸಿದವು. ಭಾರತದಲ್ಲಿ ಈ ಬಗೆಯ ಮುಖ್ಯ ವ್ಯಾಜ್ಯ ಬೆಂಗಳೂರಿನಲ್ಲಿ ಆರಂಭವಾಯಿತು. ಸತ್ಯಂ ಇನ್ಫೋವೇ ಸಂಸ್ಥೆ ‘ಸಿಫಿ’ ಎಂಬುದನ್ನೊಳಗೊಂಡ ಹೆಸರುಗಳನ್ನು 1999ರಲ್ಲಿ ನೋಂದಾಯಿಸಿತ್ತು. ಅದನ್ನು ಹೋಲುವ ಹೆಸರಿನಲ್ಲಿ ಸಿಫಿನೆಟ್ ಸೊಲ್ಯೂಷನ್ಸ್ ಸಂಸ್ಥೆ ವ್ಯವಹರಿಸತೊಡಗಿತು. ಬೆಂಗಳೂರಿನ ನಗರ ಸಿವಿಲ್ ನ್ಯಾಯಾಲಯ ತಡೆಯಾಜ್ಞೆ ಕೊಟ್ಟಿತು, ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ತೆರವು ಮಾಡಿತು, ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಮತ್ತೆ ಎತ್ತಿಹಿಡಿಯಿತು. ಪ್ರತಿವಾದಿಗಳು ಹೆಸರನ್ನು ಬರಿದೆ ಬಿಟ್ಟವರಲ್ಲವಾದರೂ ತೀರ್ಪಿನ ತತ್ತ್ವ ನಮ್ಮ ವಿಷಯಕ್ಕೆ ಸಲ್ಲುತ್ತದೆ: ಡೊಮೈನ್ ಹೆಸರು ವಿಳಾಸದ ಜೊತೆಗೆ ವ್ಯಾಪಾರದ ಗುರುತೂ ಆಗಿದೆ, ಆದುದರಿಂದ ಅದರ ಮೂಲಕ ಜನರನ್ನು ದಾರಿ ತಪ್ಪಿಸಲಾಗದು.

ಆದರೆ ಪಾರ್ಕಿಂಗನ್ನು ಸೊರಗಿಸಿದುದು ಕಾನೂನಿಗಿಂತ ಮಿಗಿಲಾಗಿ ಓದುಗರ ರೂಢಿಯ ಬದಲಾವಣೆ. ಗೂಗಲ್ 2008ರಲ್ಲಿ ಹೊರತಂದ ಕ್ರೋಮ್ ಬ್ರೌಸರಿನಲ್ಲಿ ವಿಳಾಸದ ಪಟ್ಟಿ ಮತ್ತು ಹುಡುಕಾಟದ ಪಟ್ಟಿ ಒಂದಾದವು. ಊಹಿಸಿ ಬರೆಯುತ್ತಿದ್ದವರು ಹುಡುಕತೊಡಗಿದರು. ಮೊಬೈಲ್ ಫೋನು ಹಿಡಿದವರು ಆ್ಯಪ್‌ಗಳಿಗೆ ಹೊರಳಿದರು. ಜಾಹೀರಾತುದಾರರಲ್ಲಿಯೂ ಇಂಥ ಪುಟಗಳ ವಿಷಯದಲ್ಲಿ ಸಂಶಯ ಬೆಳೆಯಿತು. 2025ರ ವೇಳೆಗೆ ಗೂಗಲ್ ಅವರ ಜಾಹೀರಾತುಗಳನ್ನು, ಅವರೇ ಬಯಸಿದ ಹೊರತು, ಪಾರ್ಕ್ ಮಾಡಿದ ಹೆಸರುಗಳಿಂದ ದೂರವಿಡತೊಡಗಿತು. ಮೇಲೆ ಹೇಳಿದ ಮಾರ್ಚೆಕ್ಸ್ 2015ರಲ್ಲಿ 2 ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ಮಾರಿದಾಗ ದೊರೆತುದು 2 ಕೋಟಿ 81 ಲಕ್ಷ ಡಾಲರ್ ಮಾತ್ರ. ಎರಡು ಪಟ್ಟಿಗಳೂ ಒಂದೇ ಅಲ್ಲವಾಗಿ ನೇರ ಹೋಲಿಕೆ ಸಲ್ಲದು. ಆದರೂ ಇಳಿತದ ದಿಕ್ಕು ಸ್ಪಷ್ಟವಾಗಿದೆ. ಭೂಮಿಯನ್ನು ಬರಿದೆ ಬಿಟ್ಟರೂ ಮಣ್ಣಿನ ಸಾರ ಉಳಿಯುತ್ತದೆ. ಹೆಸರಿನ ಸಾರವಿದ್ದುದು ಅನ್ಯರ ಅಭ್ಯಾಸದಲ್ಲಿ. ಅಭ್ಯಾಸ ಬದಲಾದೊಡನೆ ಗೇಣಿಯೂ ನಿಂತಿತು.

ಇಷ್ಟಕ್ಕೇ ವಿಷಯ ಮುಗಿಯುವುದಿಲ್ಲ. ಹೆಸರಿನ ಹಕ್ಕು ಶಾಶ್ವತವಲ್ಲ. ನವೀಕರಿಸದಿದ್ದರೆ ಅದು ಮತ್ತೊಬ್ಬರ ಪಾಲಾಗುತ್ತದೆ. ಹಿಂದೆ ಒಂದು ಸಂಘದ ವರದಿಯೋ ಗ್ರಂಥಸೂಚಿಯೋ ಇದ್ದ ವಿಳಾಸದಲ್ಲಿ ಜಾಹೀರಾತಿನ ಪುಟ ನಿಲ್ಲುತ್ತದೆ. ಹಳೆಯ ತಾಣಕ್ಕೆ ದಾರಿತೋರುವ ಅಡಿಟಿಪ್ಪಣಿಗಳೇ ಹೊಸ ಒಡೆಯನಿಗೆ ಓದುಗರನ್ನು ಒಯ್ದು ಒಪ್ಪಿಸುತ್ತವೆ. ಅಮೆರಿಕದ ಸರ್ವೋಚ್ಚ ನ್ಯಾಯಾಲಯದ 2011ರ ಒಂದು ತೀರ್ಪಿನಲ್ಲಿ ನ್ಯಾಯಮೂರ್ತಿ ಅಲಿಟೊ ಉಲ್ಲೇಖಿಸಿದ ತಾಣದ ಹೆಸರು ಅವಧಿ ಮುಗಿದು, ಬೇರೊಬ್ಬರ ಕೈಸೇರಿ, ಆ ಉಲ್ಲೇಖವನ್ನೇ ಅಣಕಿಸುವ ಪುಟವಾಯಿತು. ಆ ನ್ಯಾಯಾಲಯದ ತೀರ್ಪುಗಳಲ್ಲಿರುವ ಅಂತರ್ಜಾಲ ವಿಳಾಸಗಳಲ್ಲಿ ಸುಮಾರು ಅರ್ಧದಷ್ಟು ಮೂಲ ವಿಷಯವನ್ನು ತೋರಿಸುತ್ತಿಲ್ಲವೆಂದು ಹಾರ್ವರ್ಡ್ ವಿದ್ವಾಂಸರು 2014ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ.

ಶಾಸನವನ್ನು ಕೆತ್ತಿದ ಕಲ್ಲು ಒಡೆದರೆ ಒಡೆದುದು ಕಣ್ಣಿಗೆ ಕಾಣುತ್ತದೆ. ಕಡತ ಗೆದ್ದಲು ಹಿಡಿದರೂ ಗುರುತು ಉಳಿಯುತ್ತದೆ. ಹೆಸರು ಕೈಬದಲಾದ ವಿಳಾಸದಲ್ಲಾದರೋ ಏನೋ ಒಂದು ಕಾಣುತ್ತಲೇ ಇರುತ್ತದೆ, ಆದರೆ ಅದು ಮೂಲವಲ್ಲ. ಆದುದರಿಂದ ಅಂತರ್ಜಾಲದ ಆಕರವನ್ನು ಬಳಸುವ ಸಂಶೋಧಕರು ತಾವು ನೋಡಿದ ದಿನಾಂಕವನ್ನು ನಮೂದಿಸಬೇಕು. ಪುಟದ ಪ್ರತಿಯನ್ನು, 1996ರಲ್ಲಿ ಸ್ಥಾಪಿತವಾದ ಇಂಟರ್‌ನೆಟ್ ಆರ್ಕೈವ್‌ನಂಥ ಭಂಡಾರದಲ್ಲಿ ಉಳಿಸಬೇಕು. ವಿಚಾರಸಂಕಿರಣಕ್ಕೆಂದು ಹೆಸರು ನೋಂದಾಯಿಸುವ ಕಾಲೇಜುಗಳು, ಅದು ಮುಗಿದ ಮೇಲೆ ಆ ಹೆಸರನ್ನು ನೋಡಿಕೊಳ್ಳುವವರು ಯಾರೆಂಬುದನ್ನು ಮೊದಲೇ ಗೊತ್ತುಮಾಡುವುದು ಲೇಸು. ಬರಿದೆ ಬಿಟ್ಟ ಹೆಸರಿನ ಗೇಣಿ ಇಂದು ಅಲ್ಪವಾಗಿರಬಹುದು. ಅದರ ಕೆಳಗೆ ಹೂತುಹೋಗುವ ದಾಖಲೆಯ ಬೆಲೆ ಅಲ್ಪವಲ್ಲ.