ಮೆಗ್ಗರ್ ಟೆಸ್ಟ್‌ನಲ್ಲಿ ಪಾಸಾದ ಕೇಬಲ್‌ಗೆ ವಯಸ್ಸಾಗಿಲ್ಲವೇ?

ಮೆಗ್ಗರ್ ಹಚ್ಚಿದಾಗ ರೀಡಿಂಗ್ ಚೆನ್ನಾಗಿ ಬಂದರೆ ಕೇಬಲ್ ಗಟ್ಟಿಯಾಗಿದೆ ಎಂಬ ನಂಬಿಕೆ ಕಾರ್ಖಾನೆಗಳಲ್ಲಿಯೂ ಇದೆ, ಪಂಪ್‌ಸೆಟ್ ರಿಪೇರಿಯವರಲ್ಲಿಯೂ ಇದೆ. ಇದು ಅರ್ಧ ಸತ್ಯ ಮಾತ್ರ.

ಮೆಗ್ಗರ್ ಅಳೆಯುವುದು ಆ ಹೊತ್ತಿಗೆ ಇನ್ಸುಲೇಷನ್ ಎಷ್ಟು ವಿದ್ಯುತ್ತನ್ನು ತಡೆಯುತ್ತಿದೆ ಎಂಬುದನ್ನು. ಬಿಸಿಗೆ ಬೆಂದು ಹಪ್ಪಳದಂತಾದ ಪಿವಿಸಿ ಹೊದಿಕೆಯೂ ಒಣಗಿದ್ದು ಬಿರುಕು ಬಿಡದಿದ್ದರೆ ಒಳ್ಳೆಯ ಮೆಗಾಓಮ್ ತೋರಿಸಬಲ್ಲದು. ಅದನ್ನು ಬಗ್ಗಿಸಿದಾಗ, ಇಲ್ಲವೇ ಮಳೆಗಾಲದಲ್ಲಿ ತೇವ ತಾಗಿದಾಗ ಅದರ ಬಣ್ಣ ಬಯಲಾಗುತ್ತದೆ.

ಪಿವಿಸಿಯನ್ನು ಮೆದುವಾಗಿಡುವ ಪ್ಲಾಸ್ಟಿಸೈಸರ್ ಶಾಖಕ್ಕೆ ನಿಧಾನವಾಗಿ ಹೊರಟುಹೋಗುತ್ತದೆ. ಸಾಮಾನ್ಯ ಪಿವಿಸಿ ಕೇಬಲ್‌ನ ವಾಹಕಕ್ಕೆ 70 ಡಿಗ್ರಿ, ಎಕ್ಸ್‌ಎಲ್‌ಪಿಇಗೆ 90 ಡಿಗ್ರಿ ಸೆಲ್ಸಿಯಸ್ ಮಿತಿ. ಅದರ ಮೇಲೆ ಪ್ರತಿ 10 ಡಿಗ್ರಿಗೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಎಂಜಿನಿಯರುಗಳ ಒರಟು ಲೆಕ್ಕ. ಹಂಪಸಾಗರ, ಬಳ್ಳಾರಿ ಸೀಮೆಯಲ್ಲಿ ಬೇಸಿಗೆಯ ಗಾಳಿಯೇ 40 ಡಿಗ್ರಿ ಮುಟ್ಟುತ್ತದೆ. ಹೀಗಿರುವಾಗ ಕುಡತಿನಿಯಂತಹ ಉಷ್ಣ ವಿದ್ಯುತ್ ಸ್ಥಾವರದ ಬಾಯ್ಲರ್ ಪಕ್ಕದ ಟ್ರೇಗೆ, ಹೊರಗಿನ ನೆರಳಿನ ಟ್ರೇಗೆ ಒಂದೇ ಆಯುಷ್ಯ ಬರೆಯುವುದು ತಪ್ಪು.

ಅಣು ಸ್ಥಾವರದಲ್ಲಿ ಶಾಖದ ಜೊತೆ ವಿಕಿರಣವೂ ಸೇರುತ್ತದೆ. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ನಡೆದು ಆಗ ವಿಶ್ವ ದಾಖಲೆ ಮಾಡಿತು. ಹಾಗೆ ನಡೆಯುವಾಗ ರಿಯಾಕ್ಟರ್ ಕಟ್ಟಡದೊಳಗಿನ ಕೇಬಲ್ ಬಿಚ್ಚಿ ನೋಡುವುದು ಸುಲಭವಲ್ಲ.

ನಿಜವಾದ ವಯಸ್ಸು ತಿಳಿಯಲು ಹೊದಿಕೆಯ ತುಂಡನ್ನು ಎಳೆದು ನೋಡುತ್ತಾರೆ. ಹೊಸದು ತನ್ನ ಉದ್ದದ ಹಲವು ಪಟ್ಟು ಹಿಗ್ಗಬಹುದು. ಹರಿಯುವ ಮೊದಲಿನ ಹಿಗ್ಗುವಿಕೆ ಶೇ. 50ಕ್ಕೆ ಇಳಿದರೆ ಆಯುಷ್ಯ ಮುಗಿದಂತೆ ಎಂಬುದು ಅಣು ಉದ್ಯಮದಲ್ಲಿ ರೂಢಿಯ ಗಡಿ. ತೊಂದರೆಯೆಂದರೆ ಇದಕ್ಕೆ ಕೇಬಲ್ ಕತ್ತರಿಸಬೇಕು! ಅದಕ್ಕಾಗಿ ಹಲವು ಸ್ಥಾವರಗಳು ಪರೀಕ್ಷೆಗೆಂದೇ ಕೆಲವು ತುಂಡುಗಳನ್ನು ಬಿಸಿ ಜಾಗದಲ್ಲಿ ಇಟ್ಟಿರುತ್ತವೆ. ಇಂಡೆಂಟರ್ ಎಂಬ ಉಪಕರಣವಾದರೆ ಸಣ್ಣ ಮೊನೆಯಿಂದ ಹೊದಿಕೆಯನ್ನು ಮೆಲ್ಲಗೆ ಒತ್ತಿ, ಎಷ್ಟು ಗಡಸಾಗಿದೆ ಎಂದು ಹೇಳುತ್ತದೆ. ನೀರು ನಿಲ್ಲುವ ಗುಂಡಿಗಳಲ್ಲಿನ ಹೈ ವೋಲ್ಟೇಜ್ ಎಕ್ಸ್‌ಎಲ್‌ಪಿಇ ಕೇಬಲ್‌ನೊಳಗೆ ಮರದ ಕೊಂಬೆಯಂತೆ ಹಬ್ಬುವ ಸೂಕ್ಷ್ಮ ದೋಷಗಳಿಗೆ ಟ್ಯಾನ್ ಡೆಲ್ಟಾ ಪರೀಕ್ಷೆಯೇ ಹೆಚ್ಚು ಉಪಯುಕ್ತ.

ಕೇಬಲ್ ಕೈಕೊಟ್ಟರೆ ಏನಾಗುತ್ತದೆ? 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನ್ ಬ್ಲೇಡ್ ಮುರಿದು ಬೆಂಕಿ ಹತ್ತಿತು. ಅಲ್ಲಿ ತಪ್ಪು ಕೇಬಲ್‌ನ ವಯಸ್ಸಿನದಲ್ಲ. ಆದರೆ ಬೆಂಕಿ ಕೇಬಲ್‌ಗಳಿಗೆ ಹಬ್ಬಿ, ಸುಮಾರು 17 ಗಂಟೆ ಘಟಕಕ್ಕೆ ವಿದ್ಯುತ್ತೇ ಇರಲಿಲ್ಲ.

ಹಾಗೆಂದು ಮೆಗ್ಗರ್ ಬಿಸಾಡಬೇಕಿಲ್ಲ. ರೀಡಿಂಗ್ ಜೊತೆಗೆ ಆ ದಿನದ ಉಷ್ಣತೆ, ತೇವಾಂಶವನ್ನೂ ಬರೆದಿಟ್ಟು ವರ್ಷದಿಂದ ವರ್ಷಕ್ಕೆ ಹೋಲಿಸಿ. ಜನವರಿಯ ಮುಂಜಾವಿನ ಅಂಕಿಯನ್ನು ಏಪ್ರಿಲ್ ಮಧ್ಯಾಹ್ನದ ಅಂಕಿಯ ಪಕ್ಕ ಇಟ್ಟರೆ, ಒಳ್ಳೆಯ ಕೇಬಲ್ ಕೂಡ ಕೆಟ್ಟಂತೆ ಕಾಣುತ್ತದೆ.