ಷೆರ್‌ವುಡ್ ಬಿಲ್ಲುಗಾರನೂ ಅವನ ಚರಿತ್ರಕಾರರೂ

ಪ್ಲಾಂಟಾಜೆನೆಟ್ ವಂಶದ ಅರಸರು ಇಂಗ್ಲೆಂಡನ್ನು ಮುನ್ನೂರು ವರ್ಷಕ್ಕೂ ಮಿಕ್ಕಿ ಆಳಿದರು. ಫ್ರಾನ್ಸಿನ ನೆಲಕ್ಕಾಗಿ ಕಾದಿದರು, ಜೆರುಸಲೇಮಿನ ಹಾದಿಯಲ್ಲಿ ರಕ್ತ ಹರಿಸಿದರು, 1485ರಲ್ಲಿ ಬಾಸ್ವರ್ತ್ ರಣಭೂಮಿಯಲ್ಲಿ ರಾಜ್ಯಭ್ರಷ್ಟರಾದರು. ಆದರೆ ಅವರದೇ ಅರಣ್ಯದಲ್ಲಿ ಅವರದೇ ಜಿಂಕೆಗಳನ್ನು ಬೇಟೆಯಾಡಿದನೆಂಬ ಬಹಿಷ್ಕೃತ ರಾಬಿನ್ ಹುಡ್‌ನ ಕೀರ್ತಿಗೆ ಅಂಥ ಪತನ ಒದಗಲಿಲ್ಲ. ಅವನ ಸಾಮ್ರಾಜ್ಯವಿದ್ದುದು ಗ್ರಂಥಗಳಲ್ಲಿ. ಅದರ ಗಡಿಗಳನ್ನು ಬರೆದವರು ಕವಿಗಳು ಮತ್ತು ಪಂಡಿತರು. 1226ರ ಯಾರ್ಕ್ ನ್ಯಾಯಸಭೆಯ ದಫ್ತರದಲ್ಲಿ ತಲೆಮರೆಸಿಕೊಂಡ ರಾಬರ್ಟ್ ಹೋಡ್ ಎಂಬವನ ಸ್ವತ್ತಿನ ದಾಖಲೆಯಿದೆ. 1262ರಲ್ಲಿ ಇನ್ನೊಬ್ಬ ಪರಾರಿಯಾದವನ ಹೆಸರನ್ನು ಗುಮಾಸ್ತನು ‘ವಿಲಿಯಂ ರಾಬೆಹೋಡ್’ ಎಂದು ಬದಲಿಸಿ ಬರೆದ. ಅಷ್ಟರಲ್ಲಾಗಲೇ ಆ ನಾಮವು ಕಾನೂನುಬಾಹಿರರ ಬಿರುದಾಗಿದ್ದಿರಬೇಕು.

ವಿಧಿಯ ವಿನೋದವನ್ನು ನೋಡಿ: ಈ ಆಂಗ್ಲ ವೀರನಿಗೆ ಇತಿಹಾಸದಲ್ಲಿ ಪೀಠ ಹಾಕಿಕೊಟ್ಟವರು ಇಂಗ್ಲೆಂಡಿನ ಜೊತೆ ತಲೆಮಾರುಗಳ ಕಾಲ ಕಾದಾಡಿದ ಸ್ಕಾಟ್ಲೆಂಡಿನವರು. ವಿಂಟನ್ ಎಂಬ ಚರಿತ್ರಕಾರ ಅವನನ್ನು 1280ರ ದಶಕದಲ್ಲಿ ಇರಿಸಿದ. ವಾಲ್ಟರ್ ಬೋವರ್ ಅವನನ್ನು ಹಿಂದಕ್ಕೆ ಒಯ್ದು, ಸೈಮನ್ ದ ಮಾಂಟ್‌ಫರ್ಟ್‌ನ ದಂಗೆ ಮುರಿದುಬಿದ್ದ ಮೇಲೆ, 1266ರಲ್ಲಿ ನಿರ್ಗತಿಕರಾದವರ ನಡುವೆ ನಿಲ್ಲಿಸಿದ. 1521ರಲ್ಲಿ ಜಾನ್ ಮೇಜರ್ ಇನ್ನೂ ಹಿಂದೆ ಸರಿದು ಸಿಂಹಹೃದಯಿ ರಿಚರ್ಡನ ಆಳ್ವಿಕೆಯನ್ನೇ ಅವನಿಗೆ ಕೊಟ್ಟ. ಹಳೆಯ ಲಾವಣಿಗಳಲ್ಲಿ ಬರುವ ರಾಜನಾದರೋ ಎಡ್ವರ್ಡ್. ಪ್ರಧಾನ ನೆಲೆ ಯಾರ್ಕ್‌ಷೈರಿನ ಬಾರ್ನ್ಸ್‌ಡೇಲ್. ನಾಯಕನು ಕುಲೀನನಲ್ಲ, ಸಾಮಾನ್ಯ ಸ್ವತಂತ್ರ ಪ್ರಜೆ. 1598ರಲ್ಲಿ ನಾಟಕಕಾರ ಆಂಟನಿ ಮುಂಡೆ ಅವನಿಗೆ ಹಂಟಿಂಗ್ಟನ್ನಿನ ಸಾಮಂತಪದವಿ ದಯಪಾಲಿಸಿದ. ಬೇಟೆಗಾರನನ್ನು ಪ್ರಭುವಾಗಿಸಿದ ಆ ಪಟ್ಟಾಭಿಷೇಕ ನನಗೆ ಇಂದಿಗೂ ರುಚಿಸುವುದಿಲ್ಲ. ಜನತೆಯ ನೆನಪು ಮಾತ್ರ ಅದನ್ನು ಒಪ್ಪಿಕೊಂಡುಬಿಟ್ಟಿತು.

ಹದಿನೆಂಟನೆಯ ಶತಮಾನದಲ್ಲಿ ಥಾಮಸ್ ಪರ್ಸಿಯು ಶಿಫ್ನಲ್ ಊರಿನ ಮಿತ್ರನೊಬ್ಬನ ಮನೆಯಲ್ಲಿ, ದಾಸಿಯರು ಒಲೆ ಹೊತ್ತಿಸಲು ಹರಿಯುತ್ತಿದ್ದ ಹಸ್ತಪ್ರತಿಯನ್ನು ಬೆಂಕಿಯಿಂದ ಬಿಡಿಸಿಕೊಂಡ. ಗೈ ಆಫ್ ಗಿಸ್ಬೋರ್ನ್‌ನೊಡನೆ ರಾಬಿನ್ ಮಾಡಿದ ಕಾಳಗದ ಲಾವಣಿ ಉಳಿದದ್ದು ಆ ಅರೆಹರಿದ ಹಾಳೆಗಳಲ್ಲಿ. ಫ್ರೆಂಚ್ ಕ್ರಾಂತಿಯ ಅಭಿಮಾನಿಯಾದ ಜೋಸೆಫ್ ರಿಟ್ಸನ್ 1795ರಲ್ಲಿ ಲಾವಣಿಗಳನ್ನೆಲ್ಲ ಎರಡು ಸಂಪುಟಗಳಲ್ಲಿ ಕೂಡಿಸಿ, ದರೋಡೆಕೋರನನ್ನು ಪ್ರಜಾಸ್ವಾತಂತ್ರ್ಯದ ಧುರೀಣನನ್ನಾಗಿ ನಿಲ್ಲಿಸಿದ. ಇಪ್ಪತ್ತೈದು ವರ್ಷ ತುಂಬುವ ಮೊದಲೇ ವಾಲ್ಟರ್ ಸ್ಕಾಟ್ ತನ್ನ ‘ಐವನ್‌ಹೋ’ದಲ್ಲಿ ಅವನನ್ನು ನಾರ್ಮನ್ನರ ವಿರುದ್ಧ ಸ್ಯಾಕ್ಸನ್ನರ ಪಕ್ಷಕ್ಕೆ ಸೇರಿಸಿಕೊಂಡ.

ಆಮೇಲೆ ರಣರಂಗ ವಿದ್ವಾಂಸರ ಪಾಲಾಯಿತು. 1852ರಲ್ಲಿ ಜೋಸೆಫ್ ಹಂಟರ್, ಎರಡನೆಯ ಎಡ್ವರ್ಡನ ಅರಮನೆಯ ಸೇವಕನೊಬ್ಬನನ್ನೇ ಲಾವಣಿಯ ನಾಯಕನೆಂದು ಘೋಷಿಸಿದ. ದೊರೆ 1323ರಲ್ಲಿ ನಾಟಿಂಗ್‌ಹ್ಯಾಮಿಗೆ ಬಂದು ಅವನನ್ನು ಕ್ಷಮಿಸಿ ಕರೆದೊಯ್ದನೆಂಬುದು ವಾದ. ಮುಂದೆ ಸಿಕ್ಕ ಲೆಕ್ಕಪತ್ರವು ಆ ಸೇವಕ ದೊರೆಯ ಆಗಮನಕ್ಕೆ ಮೊದಲೇ ಸಂಬಳ ಪಡೆಯುತ್ತಿದ್ದುದನ್ನು ತೋರಿಸಿ ಸಿದ್ಧಾಂತದ ಕೋಟೆಯನ್ನು ಕೆಡವಿತು. ಅಮೆರಿಕದ ಫ್ರಾನ್ಸಿಸ್ ಚೈಲ್ಡ್ ಇಡೀ ವೀರನೇ ಲಾವಣಿಕಾರರ ಸೃಷ್ಟಿ ಎಂದುಬಿಟ್ಟ. 1958ರಲ್ಲಿ ರಾಡ್ನಿ ಹಿಲ್ಟನ್ ಈ ಕಥೆಗಳಲ್ಲಿ ರೈತರ ಆಕ್ರೋಶವನ್ನು ಕೇಳಿಸಿಕೊಂಡರೆ, ಜೆ. ಸಿ. ಹೋಲ್ಟ್ ಅವುಗಳ ಮೂಲ ಶ್ರೋತೃಗಳನ್ನು ಭೂಮಾಲೀಕರ ಹಜಾರಗಳಲ್ಲಿ ಕಂಡ. 1982ರ ಅವನ ಗ್ರಂಥ ಆ ವಾದವನ್ನು ಭದ್ರಪಡಿಸಿತು. ರೈತಪಕ್ಷವನ್ನು 1961ರಲ್ಲಿ ಸೊಗಸಾಗಿ ಪ್ರತಿಪಾದಿಸಿದ್ದ ಮಾರಿಸ್ ಕೀನ್, ತನ್ನ ಗ್ರಂಥದ ನಂತರದ ಆವೃತ್ತಿಯಲ್ಲಿ ಆ ನಿಲುವನ್ನು ಸ್ವತಃ ಬಿಟ್ಟುಕೊಟ್ಟ.