ತೊಟ್ಟಿಲಿಗೆ ಬಂದ ಪರಿಮಳ

ನನ್ನದು ಹಿರೇಹಡಗಲಿ. ನಮ್ಮ ಸೀಮೆಯ ಹೆಮ್ಮೆಯೆಂದರೆ ಹಡಗಲಿಯ ಮಲ್ಲಿಗೆ. ಇಂಥ ನೆಲದಲ್ಲಿ ಹುಟ್ಟಿದವನಿಗೆ ಪರಿಮಳದ ಮೇಲೆ ಸಂದೇಹ ಹುಟ್ಟುವುದು ಸುಲಭವಲ್ಲ. ನನಗೆ ಅದು ಹುಟ್ಟಿದ್ದು ಮೂರು ತಿಂಗಳ ಮೊಮ್ಮಗಳ ಕೊರಳ ಮಡಿಕೆಯಲ್ಲಿ ಕೆಂಪು ಗುಳ್ಳೆಗಳೆದ್ದಾಗ. “ಮೈಗೆ ಏನು ಹಚ್ಚುತ್ತೀರಿ?” ಎಂಬುದೇ ವೈದ್ಯರ ಮೊದಲ ಪ್ರಶ್ನೆ. ಸುವಾಸನೆಯ ಎಣ್ಣೆಯನ್ನು ಬಿಡಿಸಿದ ಮೇಲೆ ಗುಳ್ಳೆಗಳು ಅಡಗಿದವು. ಆ ಸೀಸೆಯನ್ನು ಅಕ್ಕರೆಯಿಂದ ಕೊಂಡುತಂದವನು ನಾನೇ.

ಅಂದಿನಿಂದ ಪರಿಮಳದ ಚರಿತ್ರೆಯನ್ನು ಹುಡುಕತೊಡಗಿದೆ. ನಮ್ಮೂರ ಕಲ್ಲೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು, 11ನೆಯ ಶತಮಾನದ್ದು. ಅದೇ ಶತಮಾನದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿದನು. ಬೇಸಾಯ, ಅಡುಗೆ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳನ್ನು ಕೂಡಿಸುವ ವಿಧಾನವೂ ಅದರಲ್ಲಿದೆ. ಶತಮಾನ ಕಳೆದ ಮೇಲೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಸ್ನಾನ, ವಿಲೇಪನಗಳನ್ನು ಅರಸನ ಭೋಗಗಳಲ್ಲಿ ಎಣಿಸಿತು. ಅದು ಬಲಿತ ಮೈಗೆ ಸಲ್ಲುವ ಭೋಗ. 1916ರಲ್ಲಿ ಮೈಸೂರಿನಲ್ಲಿ ಶ್ರೀಗಂಧದೆಣ್ಣೆಯ ಕಾರ್ಖಾನೆ ಆರಂಭವಾಯಿತು. 1918ರಲ್ಲಿ ಗಂಧದ ಸಾಬೂನು ಬಂತು. ಅರಮನೆಯ ಕಂಪು ಬಚ್ಚಲಮನೆಗಿಳಿಯಿತು. ಕ್ರಮೇಣ ಪೇಟೆಯ ಪುಡಿ ಎಣ್ಣೆಗಳ ರೂಪದಲ್ಲಿ ತೊಟ್ಟಿಲನ್ನೂ ಸೇರಿತು.

ಹಳೆಯದೆಲ್ಲ ನಿರಪಾಯವೆಂದು ನಾನು ಹೇಳಲಾರೆ. ಅಜ್ಜಿಯರ ಎಣ್ಣೆಯ ಕರ್ಪೂರ ಎಳೆಗೂಸಿನ ಮೈಸೇರಿದರೆ ಸೆಳವು ಬರಬಹುದು. ಮಗುವಿಗೆ ತೇಯ್ದು ನೆಕ್ಕಿಸುವ ಬಜೆಯಲ್ಲಿ ಅಸರೋನ್ ಎಂಬ ಅಂಶವಿದೆ. ಅಮೆರಿಕವು 1968ರಲ್ಲೇ ಆಹಾರದಲ್ಲಿ ಬಜೆಯ ಬಳಕೆಯನ್ನು ನಿಷೇಧಿಸಿತು.

ಇನ್ನು ಚರ್ಮದ ವಿಚಾರ. 1972ರಲ್ಲಿ ಫ್ರಾನ್ಸಿನಲ್ಲಿ, ಕೂಸುಗಳ ಪೌಡರಿಗೆ ಹೆಕ್ಸಾಕ್ಲೊರೊಫೀನ್ ಎಂಬ ಕ್ರಿಮಿನಾಶಕವು ಅಚಾತುರ್ಯದಿಂದ ವಿಪರೀತವಾಗಿ ಬೆರೆತು 36 ಮಕ್ಕಳು ತೀರಿಕೊಂಡರು. ಅದು ಪರಿಮಳದ್ರವ್ಯವಲ್ಲ, ನಿಜ. ಆದರೆ ಮೈಮೇಲೆ ಉದುರಿಸಿದ್ದು ಮೈಯೊಳಗೂ ಇಳಿಯುತ್ತದೆಂಬುದನ್ನು ಆ ತಾಯಂದಿರ ದುಃಖವು ಜಗತ್ತಿಗೆ ತಿಳಿಸಿತು. ಕೂಸಿನ ಮೇಲ್ಪದರ ತೆಳುವು. ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ನಮಗಿಂತ ಹೆಚ್ಚು. ಬಟ್ಟೆ ಸುತ್ತಿ ಬೆವರಿದ ಕಡೆ, ಕೆರೆದು ಒಡೆದ ಕಡೆ, ಹಚ್ಚಿದ್ದು ಮತ್ತಷ್ಟು ಇಳಿಯುತ್ತದೆ.

ಹೂವಿನದಾದರೆ ಸುರಕ್ಷಿತವೇ? ಮಲ್ಲಿಗೆಯ ಕಂಪಿನಲ್ಲೂ ಲಿನಲೂಲ್ ಉಂಟು. ಅದು ಗಾಳಿ ತಾಗಿ ಹಳತಾದಾಗ ಅಲರ್ಜಿ ತರುವ ಗುಣ ಪಡೆಯುತ್ತದೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಆದರೆ ಒಮ್ಮೆ ಅಂಟಿದ ಅಲರ್ಜಿ ಬಹುಮಟ್ಟಿಗೆ ಜೀವನವಿಡೀ ಉಳಿಯುತ್ತದೆ. ಆದುದರಿಂದಲೇ ಐರೋಪ್ಯ ಒಕ್ಕೂಟವು 2003ರಲ್ಲಿ 26 ಪರಿಮಳದ್ರವ್ಯಗಳ ಹೆಸರನ್ನು ಡಬ್ಬಿಯ ಮೇಲೆ ಕಾಣಿಸಬೇಕೆಂದಿತು. 2023ರಲ್ಲಿ ಆ ಪಟ್ಟಿಯನ್ನು ಎಂಬತ್ತಕ್ಕೂ ಮೇಲೆ ಬೆಳೆಸಿತು. ಲಿಲಿಯಾಲ್ ಎಂಬ ದ್ರವ್ಯವನ್ನು 2022ರಲ್ಲಿ ಸೌಂದರ್ಯಸಾಧನಗಳಿಂದ ಹೊರಗಿಟ್ಟಿತು. ನಾವು ಕೊಳ್ಳುವ ಎಷ್ಟೋ ಡಬ್ಬಿಗಳ ಮೇಲಾದರೋ ‘ಪರ್ಫ್ಯೂಮ್’ ಎಂಬ ಒಂದೇ ಮಾತಿನ ಮರೆಯಲ್ಲಿ ಹತ್ತಾರು ದ್ರವ್ಯಗಳು ಅಡಗಿ ಕುಳಿತಿರುತ್ತವೆ.

ಅಷ್ಟಕ್ಕೂ ಈ ಪರಿಮಳ ಯಾರಿಗಾಗಿ? ಹುಟ್ಟಿದ ಕೆಲವೇ ದಿನಗಳಲ್ಲಿ ಕೂಸು ತಾಯಿಯನ್ನು ಆಕೆಯ ಮೈಯ ವಾಸನೆಯಿಂದಲೇ ಗುರುತಿಸುತ್ತದೆ. ಸೀಸೆಯ ಕಂಪು ಎತ್ತಿಕೊಳ್ಳುವ ನಮಗೆ ಬೇಕಾದುದು. ನನ್ನ ಮೊಮ್ಮಗಳಿಗೆ ಈಗ ಸ್ನಾನಕ್ಕೆ ಬೆಚ್ಚಗಿನ ನೀರು, ವೈದ್ಯರು ಹೇಳಿದ ವಾಸನೆಯಿಲ್ಲದ ಮುಲಾಮು, ಇಷ್ಟೇ. ಮಲ್ಲಿಗೆಯ ದಂಡೆಯನ್ನು ಅವಳ ತಾಯಿ ಮುಡಿಯುತ್ತಾಳೆ.